ಗಣಾಚಾರವೂ ಹಾಸ್ಯವೂ

ಪಂಚಾಚಾರಗಳಲ್ಲಿ ಗಣಾಚಾರವು ಭಕ್ತರ ನಾಲಗೆಗೆ ಬೇಗ ಬರುವಂಥದು, ಬುದ್ಧಿಗೆ ನಿಧಾನವಾಗಿ ನಿಲುಕುವಂಥದು. ಶಿವನಿಂದೆಯನ್ನೂ ಶಿವಭಕ್ತರ ನಿಂದೆಯನ್ನೂ ಕೇಳಿ ಸೈರಿಸಲಾಗದೆಂಬುದು ಅದರ ಸ್ಥೂಲಾರ್ಥ. ಆದರೆ ನಿಂದೆಯೆಂದರೆ ಯಾವುದು? ನಮ್ಮನ್ನು ಕುರಿತು ನಕ್ಕ ಮಾತೆಲ್ಲವೂ ನಿಂದೆಯೆ? ಈ ವಿಚಾರವನ್ನು ಎತ್ತಿಕೊಳ್ಳಲು ಒಂದು ಪ್ರಸಂಗವೇ ಕಾರಣವಾಯಿತು.

ಚೌಳಹಿರಿಯೂರಿನಲ್ಲಿ ಶ್ರಾವಣ ಸೋಮವಾರದ ಶಿವಾನುಭವಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದೆವು. ತರುಣನೊಬ್ಬನ ಮೊಬೈಲಿನಲ್ಲಿ ಒಬ್ಬ ನಗೆಗಾರನ ಮಾತು ಕೇಳಿಬಂತು. ಬಣ್ಣವಿಲ್ಲ, ವೇಷವಿಲ್ಲ, ಸಂಗಡಿಗರಿಲ್ಲ. ಮೈಕಿನ ಮುಂದೆ ಒಬ್ಬನೇ ನಿಂತು, ಟಿಕೆಟು ಕೊಂಡು ಬಂದ ಜನರನ್ನು ನಗಿಸುತ್ತ ಊರೂರು ತಿರುಗುವ ಕಸುಬು ಅವನದು. ಇದನ್ನು ಈಗ ಸ್ಟ್ಯಾಂಡ್-ಅಪ್ ಕಾಮಿಡಿ ಎನ್ನುತ್ತಾರೆ. ಚುನಾವಣೆ ಬಂದಾಗ ಮಠಗಳ ಮುಂದೆ ಸಾಲುಗಟ್ಟುವ ಕಾರುಗಳು, ಮೂರು ಪಕ್ಷದವರಿಗೂ ಒಂದೇ ಆಶೀರ್ವಾದ, ಅಡ್ಡಪಲ್ಲಕ್ಕಿಯ ಮೇಲಿನಿಂದ ಕೇಳಿಬರುವ ವೈರಾಗ್ಯೋಪದೇಶ, ಇವೇ ಅವನ ವಸ್ತು. ತರುಣರು ನಕ್ಕರು. ಹಿರಿಯರೊಬ್ಬರು ಎಲೆಯ ಮುಂದಿನಿಂದ ಎದ್ದೇಬಿಟ್ಟರು. "ಮೇಷ್ಟ್ರೆ, ಇದು ಗಣಾಚಾರದ ಪ್ರಶ್ನೆ. ನಾಳೆಯೇ ಪೊಲೀಸರಿಗೆ ಒಂದು ಅರ್ಜಿ ಕೊಡೋಣ, ನೀವು ಬರೆದುಕೊಡಿ" ಎಂದರು. ಅವರ ನಿಷ್ಠೆಯನ್ನು ಬಲ್ಲವನಾದುದರಿಂದ ಒಮ್ಮೆಲೇ ಇಲ್ಲವೆನ್ನಲಾಗಲಿಲ್ಲ. ಕೆಲವು ದಿನಗಳ ಅವಕಾಶ ಕೇಳಿದೆ. ಈ ಪಾಠವು ಅವರಿಗೆ ಸಲ್ಲಬೇಕಾದ ಉತ್ತರವೇ ಆಗಿದೆ.

ಮೊದಲು ಶಾಸ್ತ್ರವನ್ನು ನೋಡೋಣ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ರಸಗಳಲ್ಲಿ ಎಣಿಸಿ, ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯ ನಗೆಯನ್ನು ಹೇಳಿದ್ದಾನೆ. ಮೊದಲೆರಡು ಉತ್ತಮರದು, ನಡುವಣೆರಡು ಮಧ್ಯಮರದು, ಕಡೆಯೆರಡು ಅಧಮರದು. ನಮಗೆ ವಿಶೇಷವಾದುದು ಇನ್ನೊಂದಿದೆ. ಆತನು ಪ್ರತಿಯೊಂದು ರಸಕ್ಕೂ ಒಂದು ಬಣ್ಣವನ್ನೂ ಒಬ್ಬ ಅಧಿದೇವತೆಯನ್ನೂ ಹೇಳುವಾಗ ಹಾಸ್ಯಕ್ಕೆ ಬಿಳಿಯ ಬಣ್ಣವನ್ನಿತ್ತು, ಅದರ ದೇವತೆ ಪ್ರಮಥನೆಂದಿದ್ದಾನೆ. ಪ್ರಮಥರೆಂದರೆ ಶಿವಗಣಂಗಳಲ್ಲವೆ? ಯಾವ ಗಣಂಗಳ ಹೆಸರಿನಿಂದ ನಮ್ಮ ಆಚಾರಕ್ಕೆ ಗಣಾಚಾರವೆಂಬ ಹೆಸರು ಬಂದಿತೋ, ಆ ಗಣಂಗಳೇ ನಗೆಯ ಒಡೆಯರು. ಹೀಗಿರಲಾಗಿ ನಗೆಯನ್ನು ಮಠದ ಹೊಸ್ತಿಲಾಚೆ ನಿಲ್ಲಿಸುವುದು ಶಾಸ್ತ್ರಸಮ್ಮತವೆನಿಸದು.

ದಶರೂಪಕಗಳಲ್ಲಿ ಪ್ರಹಸನವೆಂಬುದೊಂದು ಇದ್ದು, ಧರ್ಮದ ಹೆಸರಿನ ಕಪಟವನ್ನು ನಗೆಗೀಡುಮಾಡುವುದು ಅದಕ್ಕೆ ಸಹಜವಾದ ಕೆಲಸ. 7ನೆಯ ಶತಮಾನದ ಪೂರ್ವಾರ್ಧದಲ್ಲಿ ಕಾಂಚಿಯನ್ನು ಆಳಿದ ಪಲ್ಲವರ ಮಹೇಂದ್ರವರ್ಮನು 'ಮತ್ತವಿಲಾಸ'ವೆಂಬ ಪ್ರಹಸನವನ್ನು ರಚಿಸಿದನು. ಮದ್ಯಪಾನದ ಅಮಲಿನಲ್ಲಿರುವ ಕಾಪಾಲಿಕನೊಬ್ಬನು ತನ್ನ ಕಪಾಲವನ್ನು ಕಳೆದುಕೊಂಡು, ಅದನ್ನು ಬೌದ್ಧಭಿಕ್ಷುವೇ ಕದ್ದನೆಂದು ಬೀದಿಯಲ್ಲಿ ಜಗಳಕ್ಕೆ ನಿಲ್ಲುತ್ತಾನೆ. ನ್ಯಾಯ ಹೇಳಲು ಪಾಶುಪತನೊಬ್ಬನು ಬರುತ್ತಾನೆ. ಕಡೆಗೆ ನೋಡಿದರೆ ಅದನ್ನು ಒಯ್ದದ್ದು ಒಂದು ನಾಯಿ. ಕಾಪಾಲಿಕನೂ ಪಾಶುಪತನೂ ಶೈವರೇ. ಬರೆದವನಾದರೋ ಬಂಡೆಯಲ್ಲಿ ಶಿವಗುಹಾಲಯಗಳನ್ನು ಕಡೆಸಿದ ಅರಸು. ಶಿವನಲ್ಲಿ ಭಕ್ತಿಯೂ ಶಿವವೇಷಧಾರಿಯ ವಿಷಯದಲ್ಲಿ ನಗೆಯೂ ಒಬ್ಬನ ಎದೆಯಲ್ಲಿಯೇ ಕೂಡಿ ಬಾಳಬಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಇನ್ನು ಶರಣರ ಮಾತು. ಕಲ್ಲಿನ ಸರ್ಪಕ್ಕೆ ಕ್ಷೀರವನ್ನು ನೀಡುವ ಜನರೇ ಜೀವವಿರುವ ಸರ್ಪವನ್ನು ಕಂಡರೆ ಕೊಲ್ಲಲು ಕೂಗುವುದನ್ನು ಬಸವಣ್ಣನವರು ಒಂದು ವಚನದಲ್ಲಿ ತೋರಿಸಿರುವುದು ಎಲ್ಲರಿಗೂ ಗೊತ್ತಿದೆ. ಮಕ್ಕಳಿಗೆ ಈ ವಚನವನ್ನು ಹೇಳಿಕೊಡುವಾಗ ನಾನು ಒಂದು ಸಂಗತಿಯನ್ನು ಗಮನಿಸಿದ್ದೇನೆ. ಮೊದಲ ಭಾಗಕ್ಕೆ ತರಗತಿಯೆಲ್ಲ ನಗುತ್ತದೆ. ನಾಗಪೂಜೆ ಮಾಡುವವರು ಬೇರೆ ಯಾರೋ ಎಂಬ ಧೈರ್ಯ. ಆದರೆ ವಚನ ಅಲ್ಲಿಗೆ ನಿಲ್ಲುವುದಿಲ್ಲ. ಹಸಿದು ಬಾಗಿಲಿಗೆ ಬಂದ ಜಂಗಮನನ್ನು ಮುಂದಕ್ಕೆ ಕಳುಹಿಸಿ, ಉಣ್ಣದಿರುವ ಲಿಂಗಕ್ಕೆ ನೈವೇದ್ಯವನ್ನು ಸಿದ್ಧಗೊಳಿಸುವವರ ಕಡೆಗೆ ಅದು ತಿರುಗುತ್ತದೆ. ಇವರು ಯಾರು? ಲಿಂಗಧಾರಿಗಳು, ಅಂದರೆ ನಾವು. ಇಲ್ಲಿಗೆ ಬರುವಷ್ಟರಲ್ಲಿ ನಗೆ ನಿಂತಿರುತ್ತದೆ. ಅನೇಕ ಉಪನ್ಯಾಸಕರು ಪೂರ್ವಾರ್ಧವನ್ನಷ್ಟೇ ಉದಾಹರಿಸಿ ಮುಗಿಸುವುದನ್ನೂ ಕೇಳಿದ್ದೇನೆ, ಸಮಯದ ಅಭಾವವಿರಬಹುದು!

ಬಸವಣ್ಣನವರ ವಿಡಂಬನೆ ಹೊರಗಿನವರಿಂದ ಹೊರಟು ಒಳಗಿನವರಿಗೆ ಮುಟ್ಟುತ್ತದೆ, ಒಳಗಿನವರಿಂದ ತನ್ನ ಬುಡಕ್ಕೇ ಬರುತ್ತದೆ. ಭಕ್ತರೆಲ್ಲರಲ್ಲಿ ತಾನೇ ಅಲ್ಪನೆಂದು, ತನ್ನ ಭಕ್ತಿಯೇ ಬರಿಯ ತೋರಿಕೆಯೆಂದು ಅವರು ತಮ್ಮನ್ನೇ ಹಳಿದುಕೊಂಡ ವಚನಗಳು ಎಷ್ಟೋ ಇವೆ. ಅಂಬಿಗರ ಚೌಡಯ್ಯನವರ ನುಡಿ ಇನ್ನೂ ಕಟುವಾದುದು; ಲಿಂಗವನ್ನು ಕಟ್ಟಿಯೂ ನಡೆ ತಪ್ಪಿದವರನ್ನು ಅವರು ಬಿಟ್ಟವರಲ್ಲ. ಆದರೆ ಅವರ ವಚನಗಳ ಅಂಕಿತ ಯಾವುದೆಂಬುದನ್ನು ನೋಡಿರಿ. ಹೆಚ್ಚಿನ ಶರಣರು ಇಷ್ಟದೇವರ ಹೆಸರನ್ನು ಅಂಕಿತವಾಗಿಟ್ಟರೆ, ಈ ದೋಣಿಯ ಕಾಯಕದವರು ತಮ್ಮ ಹೆಸರನ್ನೇ ಇಟ್ಟರು. ಆಡಿದ ಮಾತಿಗೆ ತಾನೇ ಹೊಣೆಯೆಂಬ ನಿಲುವು ಅದರಲ್ಲಿದೆಯೆಂದು ನಾನು ತಿಳಿಯುತ್ತೇನೆ.

ನಮ್ಮ ನಾಡಿನ ರಂಗಭೂಮಿಗೆ ಬಂದರೆ ಮಾಸ್ಟರ್ ಹಿರಣ್ಣಯ್ಯನವರನ್ನು (1934–2019) ನೆನೆಯದಿರಲಾಗದು. ತಂದೆ ಕೆ. ಹಿರಣ್ಣಯ್ಯನವರಿಂದ ಬಂದ ಹಿರಣ್ಣಯ್ಯ ಮಿತ್ರಮಂಡಳಿಯನ್ನು ಕಟ್ಟಿಕೊಂಡು ಊರೂರು ತಿರುಗಿ ಅವರು ಆಡಿದ 'ಲಂಚಾವತಾರ'ವು ಸಾವಿರಾರು ಪ್ರಯೋಗಗಳನ್ನು ಕಂಡಿತು. ಬರೆದ ಮಾತಿಗಿಂತ ಅಂದಂದಿನ ಸುದ್ದಿಯನ್ನು ಹಿಡಿದು ಅಲ್ಲಿಯೇ ಆಡುವ ಮಾತು ಹೆಚ್ಚು. ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಅವರು ಬಿಡುತ್ತಿರಲಿಲ್ಲ. ಮೊನಚು ಮಿತಿಮೀರಿತೆಂದು ಮುನಿದವರೂ ಇದ್ದರು. ಹಾಗೆಂದು ಜನ ನಾಟಕಕ್ಕೆ ಬರುವುದನ್ನು ಬಿಡಲಿಲ್ಲ. ಅವತಾರವೆಂಬ ಶಬ್ದವನ್ನು ಲಂಚಕ್ಕೆ ಕೂಡಿಸಿದರೆಂದು ಧರ್ಮಕ್ಕೆ ಚ್ಯುತಿ ಬಂತೆ?

ಈಗ ನಡೆದಿರುವುದು ಬೇರೆ. ಗುಜರಾತು ಮೂಲದ ಮುನವ್ವರ್ ಫಾರೂಕಿ ಎಂಬ ನಗೆಗಾರನನ್ನು 2021ರ ಜನವರಿ 1ರಂದು ಇಂದೋರಿನಲ್ಲಿ, ಹಿಂದೂ ದೇವತೆಗಳನ್ನು ಅವಮಾನಿಸಿದನೆಂಬ ಆರೋಪದ ಮೇಲೆ ಬಂಧಿಸಲಾಯಿತು. ಸುಮಾರು ಒಂದು ತಿಂಗಳಿನ ಮೇಲೆ ಸರ್ವೋಚ್ಚ ನ್ಯಾಯಾಲಯವು ಮಧ್ಯಂತರ ಜಾಮೀನು ನೀಡಿತು. ಅದೇ ವರ್ಷದ ನವೆಂಬರ್ 28ರಂದು ಬೆಂಗಳೂರಿನಲ್ಲಿ ಆತನ ಕಾರ್ಯಕ್ರಮ ನಿಶ್ಚಯವಾಗಿತ್ತು. ಶಾಂತಿಗೆ ಭಂಗ ಬರಬಹುದೆಂದು ಪೊಲೀಸರು ವ್ಯವಸ್ಥಾಪಕರಿಗೆ ಪತ್ರ ಬರೆದುದರಿಂದ ಅದು ರದ್ದಾಯಿತು. ಆತನ ಹಾಸ್ಯವು ಸ್ಮಿತದ ವರ್ಗದ್ದೋ ಅಪಹಸಿತದ್ದೋ ಎಂಬುದನ್ನು ಕೇಳಿದವರು ತೀರ್ಮಾನಿಸಬೇಕು. ಕೇಳುವ ಮೊದಲೇ ಬಾಗಿಲು ಮುಚ್ಚಿದರೆ ತೀರ್ಮಾನಿಸುವವರಾರು?

ಇದು ಅನ್ಯರ ವಿಷಯವೆಂದು ವಾಚಕರು ಭಾವಿಸದಿರಲಿ. ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ' ನಾಟಕವು ಕಾಲೇಜುಗಳಿಗೆ ಪಠ್ಯವಾಗಿದ್ದಾಗ, 1995ರ ಸುಮಾರಿನಲ್ಲಿ, ಬಸವಣ್ಣನವರಿಗೆ ಅಗೌರವವಾಯಿತೆಂದು ನಮ್ಮವರು ಎದ್ದರು. ಪಿ. ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಯನ್ನು ಸರಕಾರ ಮುಟ್ಟುಗೋಲು ಹಾಕಿಕೊಂಡಿತು. ಆ ಆದೇಶವನ್ನು 2007ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಕಾದಂಬರಿಯ ವಿಷಯದಲ್ಲಿ ನ್ಯಾಯಾಲಯ ನುಡಿದ ಮೇಲೆ ನನ್ನದೇನೂ ಇಲ್ಲ. ನಾಟಕದ ವಿಷಯದಲ್ಲಿ ಮಾತ್ರ ಒಂದನ್ನು ಒಪ್ಪಿಕೊಳ್ಳಬೇಕಾಗಿದೆ. ಆಗ ಇಪ್ಪತ್ತರ ಹರೆಯದಲ್ಲಿದ್ದ ನಾನು ಅದರ ವಿರುದ್ಧದ ಮನವಿಯೊಂದಕ್ಕೆ ರುಜು ಹಾಕಿದೆ. ನಾಟಕವನ್ನು ಓದಿರಲಿಲ್ಲ. ಓದಿದ್ದು ಎಷ್ಟೋ ವರ್ಷಗಳ ಮೇಲೆ. ನನಗೆ ಒಪ್ಪಿಗೆಯಾಗದ ಮಾತುಗಳು ಅದರಲ್ಲಿ ಇದ್ದುವು, ಆದರೆ ರುಜು ಹಾಕುವಾಗ ನಾನು ಊಹಿಸಿದ್ದ ಪುಸ್ತಕ ಅದಾಗಿರಲಿಲ್ಲ. ಅದನ್ನು ನಾನು ಗಣಾಚಾರವೆಂದುಕೊಂಡಿದ್ದೆ.

ಗಣಾಚಾರದ ಬೆನ್ನಿಗೇ ಭೃತ್ಯಾಚಾರವನ್ನು ಹಿರಿಯರು ಇಟ್ಟಿರುವುದು ಸುಮ್ಮನೆ ಅಲ್ಲ. ನಾನು ಭಕ್ತರ ಭೃತ್ಯನೆಂಬ ಭಾವ ಗಟ್ಟಿಯಾದವನಿಗೆ, ತನ್ನ ಅಹಂಕಾರಕ್ಕೆ ತಗುಲಿದ ಪೆಟ್ಟು ಯಾವುದು, ಶಿವನಿಗೆ ಆದ ನಿಂದೆ ಯಾವುದು ಎಂಬ ಭೇದ ತಿಳಿಯುತ್ತದೆ. ಅಡ್ಡಪಲ್ಲಕ್ಕಿಯನ್ನು ಕುರಿತು ನಕ್ಕರೆ ಅದು ಪಲ್ಲಕ್ಕಿಗಾಯಿತು; ಲಿಂಗಕ್ಕೆ ಏನೂ ಆಗಲಿಲ್ಲ. ಹುಟ್ಟಿದ ಕುಲವನ್ನು, ಬಡತನವನ್ನು, ಅಂಗವೈಕಲ್ಯವನ್ನು, ಹೆಣ್ಣುಮಕ್ಕಳ ಮಾನವನ್ನು ಹಿಡಿದು ನಕ್ಕರೆ ಮಾತ್ರ ಅದು ಶರಣರ ದಾರಿಯಲ್ಲ. ಅಂಥದಕ್ಕೆ ಎದ್ದು ನಿಂತು ಉತ್ತರ ಕೊಡಬೇಕಾದುದು ಕರ್ತವ್ಯ, ಅದು ಪರರ ಕುಲವಾದರೂ ಸರಿ. ಆ ಉತ್ತರವನ್ನು ಠಾಣೆಯಿಂದ ಎರವಲು ತರಬೇಕಾಗಿಲ್ಲ. ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು, ದಂಡಾಧಿಕಾರವೂ ಕೈಗೆಟುಕುವಂತಿತ್ತು. ತಮ್ಮನ್ನು ಹಳಿದವರಿಗೆ ಅವರು ಕೊಟ್ಟದ್ದು ವಚನಗಳನ್ನು.

ಆ ಹಿರಿಯರನ್ನು ಮೊನ್ನೆ ಕಂಡು ಇಷ್ಟನ್ನೂ ಅರಿಕೆ ಮಾಡಿದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ತೋರಲಿಲ್ಲ. "ಆ ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ, ಮೇಷ್ಟ್ರೆ, ಹೊರಗಿನವನು ಹೇಳಿದನಲ್ಲ ಎಂದು ನೋವು" ಎಂದರು. ಆ ನೋವು ನನಗೂ ಇದೆ. ಮುಂದಿನ ಗೋಷ್ಠಿಯಲ್ಲಿ ಆ ನಗೆಗಾರನ ಕಾರ್ಯಕ್ರಮವನ್ನು ಮೊದಲಿನಿಂದ ಕಡೆಯವರೆಗೆ ಎಲ್ಲರೂ ಕೂಡಿ ನೋಡುವುದೆಂದೂ, ಬಳಿಕ ಬಸವಣ್ಣನವರ ಆ ವಚನದ ಉತ್ತರಾರ್ಧವನ್ನು ಚರ್ಚೆಗೆ ಎತ್ತಿಕೊಳ್ಳುವುದೆಂದೂ ಗೊತ್ತುಮಾಡಿದ್ದೇವೆ. ಅರ್ಜಿಯ ಮಾತನ್ನು ಅದಾದ ಮೇಲೆ ನೋಡಿಕೊಳ್ಳೋಣವೆಂದು ಅವರೇ ಹೇಳಿದ್ದಾರೆ.