ಫ್ರಿಜ್ಜಿನಲ್ಲಿ ಮಾಂಸ ಕಾಪಾಡುವ ಕ್ರಮ

ಆಷಾಢದ ಕೊನೆಯ ದಿನವನ್ನು ಉತ್ತರ ಕರ್ನಾಟಕದ ನಾವು ನಾಗರ ಅಮಾವಾಸ್ಯೆ ಎನ್ನುತ್ತೇವೆ. ಪುಣೆಯ ಜನ ಅದನ್ನೇ ಗಟಾರಿ ಎನ್ನುವರು. ಮರುದಿನದಿಂದ ಶ್ರಾವಣ. ಅನೇಕ ಮನೆಗಳಲ್ಲಿ ಆ ತಿಂಗಳು ಮಾಂಸ ವರ್ಜ್ಯವಾದುದರಿಂದ ಗಟಾರಿಯ ಹೊತ್ತಿಗೆ ಮಟನ್ ಅಂಗಡಿಗಳ ಮುಂದೆ ಬೆಳಗಿನಿಂದಲೇ ಸಾಲು ನಿಲ್ಲುತ್ತದೆ. ಬಕ್ರೀದಿನಲ್ಲಿ ಕುರ್ಬಾನಿಯ ಪಾಲು ಮನೆಮನೆಗೆ ಬರುತ್ತದೆ. ಮೈಸೂರು ಸೀಮೆಯವರಿಗೆ ಯುಗಾದಿಯ ಮರುದಿನ ಹೊಸತೊಡಕು ಇದೆ, ಗುಡ್ಡೆಮಾಂಸದ ರೂಢಿ ಇದೆ. ಕರಾವಳಿಯ ಬಂಧುಗಳು ಗಣೇಶ ಪೇಠೆಯ ಮೀನು ಪೇಟೆಯಿಂದ ಅಂಜಲ್ ಹೋಳು ತರುವರು. ಇಲ್ಲಿ ಅದರ ಹೆಸರು ಸುರ್ಮಯಿ.

ಹೀಗೆ ಬಂದದ್ದು ಒಂದೇ ದಿನ ತೀರುವುದಿಲ್ಲ. ಉಳಿದದ್ದು ಫ್ರಿಜ್ಜಿಗೆ ಹೋಗುತ್ತದೆ. ಒಂದು ಖೋಲಿಯಲ್ಲಿ ಐದಾರು ಜನ ಕೂಡಿ ಇರುವಲ್ಲಿ ಎಲ್ಲರ ಪಾಲಿಗೂ ಒಂದೇ ಫ್ರಿಜ್. ಇಂದು ಒಂದು ಕಿಲೋ ಮಟನ್ ಎಂದರೆ ಕೂಲಿಯವನ ಒಂದು ದಿನದ ಗಳಿಕೆಗೆ ಹತ್ತಿರ. ಅದು ಕೆಟ್ಟರೆ ದುಡ್ಡು ಹೋಯಿತು. ಕೆಟ್ಟದ್ದು ತಿಳಿಯದೆ ಉಂಡರೆ ಖೋಲಿಯವರೆಲ್ಲ ಹಾಸಿಗೆ ಹಿಡಿದು ಪಗಾರವೂ ಹೋಯಿತು. ಆದುದರಿಂದ ಈ ಸಲದ ಪಾಠಕ್ಕೆ ಈ ವಿಷಯವನ್ನು ಆರಿಸಿಕೊಂಡಿದ್ದೇವೆ. ಶಾಕಾಹಾರಿ ವಾಚಕರು ಮನ್ನಿಸಬೇಕು.

1. ತಂಪು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮಾಂಸದಲ್ಲಿ ರೋಗಾಣುಗಳು ಬೇಗ ಹೆಚ್ಚುವುದು 5ರಿಂದ 60 ಡಿಗ್ರಿ ಸೆಂಟಿಗ್ರೇಡಿನ ನಡುವೆ. ನಮ್ಮ ಅಡುಗೆಮನೆಯ ಬಿಸಿ ಈ ಮಿತಿಯಲ್ಲೇ ಇರುತ್ತದೆ. ಆದುದರಿಂದ ಹಸಿಮಾಂಸವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಏಪ್ರಿಲ್–ಮೇ ತಿಂಗಳಲ್ಲಿ, ಬಿಸಿಲು 32 ಡಿಗ್ರಿ ದಾಟಿದಾಗ, ಒಂದೇ ಗಂಟೆ. ಅಂಗಡಿಯಿಂದ ಮನೆಗೆ ಬರುವ ಹೊತ್ತೂ ಈ ಲೆಕ್ಕದಲ್ಲಿ ಸೇರಿದೆ.

ಸೊನ್ನೆಯ ಕೆಳಗೆ 18 ಡಿಗ್ರಿಯಲ್ಲಿ ರೋಗಾಣುಗಳ ಬೆಳವಣಿಗೆ ನಿಲ್ಲುತ್ತದೆ. ಆದರೆ ಅವು ಸಾಯುವುದಿಲ್ಲ. ನಿದ್ದೆಹೋದಂತೆ ಇದ್ದು, ಮಾಂಸ ಕರಗಿದ ಕೂಡಲೇ ಏಳುತ್ತವೆ. ಫ್ರೀಜರ್ ಕಾಯುತ್ತದೆ, ಗುಣಪಡಿಸುವುದಿಲ್ಲ. ಒಳ್ಳೆಯದನ್ನು ಇಟ್ಟರೆ ಒಳ್ಳೆಯದು ಬರುತ್ತದೆ. ಅರ್ಧ ಕೆಟ್ಟದ್ದನ್ನು ಇಟ್ಟರೆ ಅರ್ಧ ಕೆಟ್ಟದ್ದೇ ಬರುತ್ತದೆ.

“ಚೆನ್ನಾಗಿ ಕುದಿಸಿದರೆ ಎಲ್ಲಾ ಸರಿಹೋಗುತ್ತದೆ” ಎಂಬ ಮಾತು ಪೂರ್ಣ ನಿಜವಲ್ಲ. ಕುದಿತದಿಂದ ರೋಗಾಣು ಸಾಯುವುದು ದಿಟ. ಆದರೆ ಕೆಲವು ಜಾತಿಯ ರೋಗಾಣುಗಳು ಮಾಂಸದಲ್ಲಿ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ವಾಸನೆ ಬಾರದಿದ್ದರೂ ಅದು ಇರಬಹುದು.

2. ಗುಣ ಕೆಡುವುದು ಹೇಗೆ

ಮಾಂಸದ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ. ನೀರು ಬರ್ಫವಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಬರ್ಫದ ಹರಳು ದೊಡ್ಡದಾಗಿ ಬೆಳೆದು ಮಾಂಸದ ಎಳೆಗಳನ್ನು ಹರಿಯುತ್ತದೆ. ಕರಗಿಸಿದಾಗ ಕೆಂಪು ರಸ ಸೋರಿ ತುಂಡು ನಾರಿನಂತಾಗುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು, ಹಾನಿ ಕಡಿಮೆ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬವನು 1910ರ ದಶಕದಲ್ಲಿ ಕೆನಡಾದ ಲ್ಯಾಬ್ರಡಾರಿನಲ್ಲಿದ್ದಾಗ, ಅಲ್ಲಿಯ ಇನ್ಯುಯಿಟ್ ಜನ ಹಿಡಿದ ಮೀನು ಕೊರೆಯುವ ಗಾಳಿಯಲ್ಲಿ ಕ್ಷಣದಲ್ಲೇ ಗಟ್ಟಿಯಾಗುವುದನ್ನೂ, ತಿಂಗಳುಗಳ ಮೇಲೂ ಅದರ ರುಚಿ ಕೆಡದಿರುವುದನ್ನೂ ಕಂಡನು. ಇಂದಿನ ಶೀಘ್ರ ಹೆಪ್ಪುಗಟ್ಟಿಸುವ ಉದ್ಯಮಕ್ಕೆ ಆ ಅನುಭವವೇ ಬುನಾದಿ.

ಎರಡನೆಯ ಶತ್ರು ಗಾಳಿ. ಫ್ರೀಜರಿನ ಒಣಗಾಳಿ ಮಾಂಸದ ಮೇಲಿನ ಬರ್ಫವನ್ನು ನೀರಾಗಿಸದೆ ನೇರವಾಗಿ ಆವಿಯಾಗಿ ಹೀರುತ್ತದೆ. ಆಗ ಬೂದುಬಣ್ಣದ ಒಣ ಕಲೆಗಳು ಬೀಳುತ್ತವೆ. ಅವು ಅಪಾಯಕರವಲ್ಲ, ರುಚಿಗೇಡು ಅಷ್ಟೆ. ಕೊಯ್ದು ತೆಗೆದರೆ ಸಾಕು. ಕೊಬ್ಬು ಮಾತ್ರ ಗಾಳಿ ತಗುಲಿ ಫ್ರೀಜರಿನಲ್ಲೂ ನಿಧಾನವಾಗಿ ಕಮಟುತ್ತದೆ.

3. ಇಡುವ ಕ್ರಮ

ಮೊದಲನೆಯದಾಗಿ, ಆಗತಾನೆ ಕಡಿದ ಮಟನ್ನನ್ನು ನೇರವಾಗಿ ಫ್ರೀಜರಿಗೆ ಹಾಕಬಾರದು. ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಮಾಂಸ ಬಿಗಿಯಾಗಿ ಆಮೇಲೆ ಸಡಿಲುತ್ತದೆ. ಬಿಗಿಯಾಗುವ ಮುಂಚೆಯೇ ಹೆಪ್ಪುಗಟ್ಟಿಸಿದರೆ ಕರಗಿಸುವಾಗ ಅದು ಜೋರಾಗಿ ಕುಗ್ಗಿ ಗಟ್ಟಿಯಾಗುತ್ತದೆ. ಫ್ರಿಜ್ಜಿನ ಕೆಳಖಾನೆಯಲ್ಲಿ, 4 ಡಿಗ್ರಿಯ ಒಳಗೆ, ಮುಚ್ಚಿದ ಪಾತ್ರೆಯಲ್ಲಿ ಒಂದು ದಿನ ಇಟ್ಟು ಅನಂತರ ಮೇಲಕ್ಕೆ ಹಾಕುವುದು ಲೇಸು. ಮೀನಿಗೆ, ಕೋಳಿಗೆ, ಖೀಮಾಕ್ಕೆ ಈ ಕಾಯುವಿಕೆ ಬೇಡ. ತಂದ ದಿನವೇ ಇಡಬೇಕು.

ಎರಡನೆಯದಾಗಿ, ಒದ್ದೆ ಮಾಂಸ ಇಡಬಾರದು. ಶುಚಿಯಾದ ಬಟ್ಟೆಯಿಂದ ಒತ್ತಿ ಒರೆಸಿರಿ. ತೊಳೆಯುವ ರೂಢಿಯವರು ಅಡುಗೆಯ ಹೊತ್ತಿಗೆ, ನೀರು ಸುತ್ತಲೂ ಸಿಡಿಯದಂತೆ ತೊಳೆಯಲಿ.

ಮೂರನೆಯದಾಗಿ, ಒಂದು ಹೊತ್ತಿಗೆ ಬೇಕಾದಷ್ಟನ್ನೇ ಒಂದು ಪೊಟ್ಟಣ ಮಾಡಬೇಕು. ಎರಡು ಕಿಲೋದ ಒಂದೇ ಉಂಡೆ ಮಾಡಿದರೆ ಒಳಭಾಗ ತಣಿಯಲು ಬಹಳ ಹೊತ್ತು. ಮೇಲಾಗಿ ಅರ್ಧ ಬೇಕಾದಾಗ ಪೂರ್ತಿ ಕರಗಿಸಬೇಕು. ಅರ್ಧ ಕಿಲೋದ ಪೊಟ್ಟಣವನ್ನು ಒಂದು ಅಂಗುಲ ದಪ್ಪಕ್ಕೆ ಚಪ್ಪಟೆ ಮಾಡಿ, ಗಟ್ಟಿಯಾಗುವ ತನಕ ಒಂದರ ಮೇಲೊಂದು ಪೇರಿಸದೆ ಇಡಿರಿ. ಹೋಟೆಲಿನವರು ಸ್ಟೇಕ್ ಎನ್ನುವ ದಪ್ಪ ಹೋಳಿಗೂ, ಸುರ್ಮಯಿ ಹೋಳಿಗೂ ಇದೇ ಕ್ರಮ. ಹೋಳುಗಳ ನಡುವೆ ಒಂದೊಂದು ಪ್ಲಾಸ್ಟಿಕ್ ಹಾಳೆ ಇಟ್ಟರೆ ಬೇಕಾದಷ್ಟನ್ನೇ ಬಿಡಿಸಿಕೊಳ್ಳಬಹುದು.

ನಾಲ್ಕನೆಯದಾಗಿ, ಗಾಳಿ ಹೊರಡಿಸಬೇಕು. ತೆಳ್ಳನೆಯ ಕ್ಯಾರಿಬ್ಯಾಗ್ ಇದಕ್ಕೆ ಬಾರದು. 2018ರಿಂದ ಮಹಾರಾಷ್ಟ್ರದಲ್ಲಿ ಅದಕ್ಕೆ ನಿಷೇಧವೂ ಇದೆ. ಆಹಾರಕ್ಕೆಂದೇ ಮಾಡಿದ ದಪ್ಪ ಚೀಲ ಕೊಳ್ಳಿರಿ. ಮಾಂಸ ಹಾಕಿದ ಚೀಲವನ್ನು ಬಾಯಿ ಮೇಲಿರುವಂತೆ ಒಂದು ಬಕೆಟ್ ನೀರಿನಲ್ಲಿ ಮೆಲ್ಲಗೆ ಇಳಿಸಿದರೆ ನೀರಿನ ಒತ್ತಡವೇ ಗಾಳಿಯನ್ನು ಹೊರದೂಡುತ್ತದೆ. ನೀರು ಒಳನುಗ್ಗುವ ಮುಂಚೆ ಬಾಯಿ ಮುಚ್ಚಿರಿ. ಮೇಲೆ ತಾರೀಖು ಬರೆಯಿರಿ. ಹಲವರ ಫ್ರಿಜ್ಜಾದರೆ ಹೆಸರೂ ಇರಲಿ, ಜಗಳ ತಪ್ಪುತ್ತದೆ.

4. ಎಷ್ಟು ದಿನ?

ಮೊದಲು ನಿಮ್ಮ ಫ್ರೀಜರಿನ ಶಕ್ತಿ ಅರಿಯಿರಿ. ಫ್ರಿಜ್ಜಿನ ಹೊರಗೆ ಅಂಟಿಸಿದ ನಕ್ಷತ್ರಗಳು ವಿದ್ಯುತ್ ಉಳಿತಾಯಕ್ಕೆ ಸಂಬಂಧಿಸಿದವು. ಅವಕ್ಕೂ ತಂಪಿಗೂ ಸಂಬಂಧವಿಲ್ಲ. ಕೆಲವು ಫ್ರೀಜರ್ ಖಾನೆಗಳ ಮೇಲೆಯೇ ಬೇರೆ ನಕ್ಷತ್ರಗಳಿರುತ್ತವೆ. ಒಂದು ನಕ್ಷತ್ರಕ್ಕೆ ಸೊನ್ನೆಯ ಕೆಳಗೆ 6 ಡಿಗ್ರಿ: ಒಂದು ವಾರ ಇಡಬಹುದು. ಎರಡಕ್ಕೆ 12 ಡಿಗ್ರಿ: ಒಂದು ತಿಂಗಳು. ಮೂರಕ್ಕೆ 18 ಡಿಗ್ರಿ: ಮೂರು ತಿಂಗಳು ಮತ್ತು ಮೇಲೆ. ಗುರುತೇ ಇಲ್ಲದ ಹಳೆಯ ಒಂಟಿಬಾಗಿಲ ಫ್ರಿಜ್ಜಿನ ಬರ್ಫದ ಖಾನೆಯನ್ನು ಒಂದು ನಕ್ಷತ್ರದ್ದೆಂದೇ ಎಣಿಸಿ ವಾರದೊಳಗೆ ಮುಗಿಸಿರಿ. ಒಳಗಿಟ್ಟ ಐಸ್‌ಕ್ರೀಮು ಮೆತ್ತಗಿದ್ದರೆ 18 ಡಿಗ್ರಿ ಮುಟ್ಟಿಲ್ಲವೆಂದು ತಿಳಿಯಬೇಕು.

18 ಡಿಗ್ರಿ ನಿಶ್ಚಯವಿದ್ದರೆ, ರುಚಿ ಕೆಡದಿರಲು ಹೋಳು ಮಾಂಸಕ್ಕೆ 4ರಿಂದ 12 ತಿಂಗಳು. ಖೀಮಾಕ್ಕೆ 3–4 ತಿಂಗಳು. ಕೋಳಿಯ ತುಂಡಿಗೆ 9 ತಿಂಗಳು. ಬಂಗುಡೆಯಂಥ ಕೊಬ್ಬಿನ ಮೀನಿಗೆ 2–3 ತಿಂಗಳು. ತಂಪು ಮುರಿಯದಿದ್ದರೆ ಎಷ್ಟು ಸಾಧ್ಯವೆಂಬುದಕ್ಕೆ 1882ರ ‘ಡುನೆಡಿನ್’ ಹಡಗೇ ಸಾಕ್ಷಿ. ಅದು ನ್ಯೂಜಿಲೆಂಡಿನಿಂದ ಸುಮಾರು 5,000 ಕುರಿಗಳ ಮಾಂಸವನ್ನು ಹೆಪ್ಪುಗಟ್ಟಿಸಿ ಹೊತ್ತು, ಉಷ್ಣವಲಯ ದಾಟಿ, ಮೂರು ತಿಂಗಳ ಮೇಲೆ ಲಂಡನ್ ಸೇರಿತು. ಮಾಂಸ ಮಾರಾಟಕ್ಕೆ ಯೋಗ್ಯವಾಗಿಯೇ ಇತ್ತು.

5. ಕರಗಿಸುವುದು

ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲಿ. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಸಂಜೆ ಬಂದು ಅಡುಗೆ ಮಾಡುವುದು ಸಲ್ಲದು. ನಡುಭಾಗ ಬರ್ಫವಾಗಿರುವಾಗಲೇ ಹೊರಭಾಗ ಬೆಚ್ಚಗಾಗಿ ರೋಗಾಣು ಬೆಳೆಯತೊಡಗುತ್ತದೆ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಖಾನೆಗೆ, ರಸ ಬೇರೆ ಪದಾರ್ಥಗಳ ಮೇಲೆ ಸೋರದಂತೆ ತಟ್ಟೆಯಲ್ಲಿಟ್ಟು ಇಳಿಸಿರಿ. ಅವಸರವಿದ್ದರೆ ಬಾಯಿ ಮುಚ್ಚಿದ ಪೊಟ್ಟಣವನ್ನು ತಣ್ಣೀರಿನಲ್ಲಿ ಮುಳುಗಿಸಿ ಅರ್ಧ ಗಂಟೆಗೊಮ್ಮೆ ನೀರು ಬದಲಿಸಿರಿ. ಅರ್ಧ ಕಿಲೋ ಸುಮಾರು ಒಂದು ಗಂಟೆಯಲ್ಲಿ ಕರಗುತ್ತದೆ. ಬಿಸಿನೀರು ಬೇಡ.

ಫ್ರಿಜ್ಜಿನೊಳಗೇ ಕರಗಿದ್ದನ್ನು ತಿರುಗಿ ಹೆಪ್ಪುಗಟ್ಟಿಸಬಹುದು, ಆದರೆ ರಸ ಕಡಿಮೆಯಾಗುತ್ತದೆ. ನೀರಿನಲ್ಲಿ ಕರಗಿಸಿದ್ದನ್ನು ಕೂಡಲೇ ಬೇಯಿಸಬೇಕು. ಬೇಯಿಸಿದ ಸಾರು ಉಳಿದರೆ ಅದನ್ನು ಇಡಲು ಅಡ್ಡಿಯಿಲ್ಲ.

6. ಕರೆಂಟು ಹೋದಾಗ, ಊರಿಗೆ ಹೋದಾಗ

ಕರೆಂಟು ಹೋದರೆ ಬಾಗಿಲು ತೆರೆಯಬೇಡಿರಿ. ತುಂಬಿದ ದೊಡ್ಡ ಫ್ರೀಜರ್ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಂಪು ಹಿಡಿಯುತ್ತದೆ; ಫ್ರಿಜ್ಜಿನ ಕೆಳಖಾನೆ ನಾಲ್ಕೇ ಗಂಟೆ. ಸಣ್ಣ ಬರ್ಫದ ಖಾನೆಯನ್ನು ಇಷ್ಟು ನಂಬಬಾರದು. ಒಂಟಿಬಾಗಿಲ ಫ್ರಿಜ್ಜಿನಲ್ಲಿ ಬರ್ಫ ಕರಗಿಸುವ ಗುಂಡಿ ಒತ್ತುವ ಮುಂಚೆ ಒಳಗೆ ಮಾಂಸವಿದೆಯೇ ಎಂದು ನೋಡಿರಿ.

ಜಾತ್ರೆಗೋ ಮದುವೆಗೋ ಊರಿಗೆ ಹೊರಟವರು ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಗಟ್ಟಿಮಾಡಿ ಅದರ ಮೇಲೊಂದು ರೂಪಾಯಿ ನಾಣ್ಯ ಇಟ್ಟು ಹೋಗಿರಿ. ತಿರುಗಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳಕ್ಕೆ ಇಳಿದಿದ್ದರೆ, ಈಗ ಎಲ್ಲವೂ ಕಲ್ಲಿನಂತೆ ಗಟ್ಟಿಯಿದ್ದರೂ, ನಡುವೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಅದನ್ನು ಎಸೆದುಬಿಡಿ. ಔಷಧದ ಖರ್ಚಿಗಿಂತ ಅದು ಅಗ್ಗ.

ವಾಚಕರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

(1) ನಮ್ಮ ಫ್ರೀಜರ್ ಎಷ್ಟು ನಕ್ಷತ್ರದ್ದು?
(2) ಈಗ ಒಳಗಿರುವ ಪೊಟ್ಟಣಗಳ ಮೇಲೆ ತಾರೀಖು ಇದೆಯೇ?
(3) ನಾಳೆಯ ಅಡುಗೆಯ ಮಾಂಸ ಇಂದು ರಾತ್ರಿ ಎಲ್ಲಿರಬೇಕು?

ಮೂರಕ್ಕೂ ಉತ್ತರ ಹೇಳಬಲ್ಲವರು ಈ ಪಾಠವನ್ನು ಖೋಲಿಯ ಇತರರಿಗೂ ಓದಿ ಹೇಳಬೇಕೆಂದು ವಿನಂತಿ. ಫ್ರಿಜ್ ಒಂದೇ ಆದ ಮೇಲೆ ಒಬ್ಬರ ಜಾಗ್ರತೆ ಸಾಲದು.