ಪೈಪು ಎಲ್ಲ ದೇಶದಲ್ಲೂ ಒಂದೇ, ಕಾಗದ ಬೇರೆ

ಹೊರದೇಶದಲ್ಲಿ ಪ್ಲಂಬಿಂಗ್ ಕೆಲಸ ಹುಡುಕುವವರಿಂದ ಈ ಸಲ ಪತ್ರಗಳು ಹೆಚ್ಚು ಬಂದಿವೆ. ಹಲವರಿಗೆ ಉಪಯೋಗವಾಗುವಂಥ ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ಐಟಿಐನಲ್ಲಿ ಪ್ಲಂಬರ್ ಟ್ರೇಡ್ ಮುಗಿಸಿ ಎಂಟು ವರ್ಷದಿಂದ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಸಂಪಿನಿಂದ ಸೋಲಾರ್‌ವರೆಗೆ ಯಾವ ಲೈನೂ ನನಗೆ ಹೊಸದಲ್ಲ. ಜರ್ಮನಿಯಲ್ಲಿ ಪ್ಲಂಬರ್‌ಗಳೇ ಸಿಗುತ್ತಿಲ್ಲವಂತೆ. ನೇರವಾಗಿ ಹೋಗಬಹುದೇ?
— ಓದುಗ, ಹಾವೇರಿ

ಉತ್ತರ: ಕೊರತೆ ಇರುವುದು ನಿಜ. ಆದರೆ ನಲ್ಲಿಗೊಬ್ಬ, ಗೀಸರಿಗೊಬ್ಬ ಎಂಬ ನಮ್ಮ ಪದ್ಧತಿ ಅಲ್ಲಿಲ್ಲ. ನೀರು, ಬಚ್ಚಲು, ಮನೆ ಬೆಚ್ಚಗಿಡುವ ಹೀಟಿಂಗ್, ಗಾಳಿ ವ್ಯವಸ್ಥೆ ಎಲ್ಲ ಸೇರಿ ಒಂದೇ ಕಸುಬು. ಅದರ ಹೆಸರು ‘ಅನ್ಲಾಗೆನ್‌ಮೆಕಾನಿಕರ್ ಎಸ್‌ಎಚ್‌ಕೆ’. ಕಲಿಯಲು ಮೂರೂವರೆ ವರ್ಷ ಬೇಕು.

ನಿಮ್ಮ ತೊಡಕು ಇಲ್ಲಿದೆ. ನಮ್ಮ ಐಟಿಐ ಪ್ಲಂಬರ್ ಕೋರ್ಸು ಒಂದೇ ವರ್ಷದ್ದು. ಕುಶಲ ಕೆಲಸಗಾರರಿಗೆ ಜರ್ಮನಿ ಈಚೆಗೆ ತೆರೆದ ಹೊಸ ವೀಸಾ ದಾರಿಗಳು ಕನಿಷ್ಠ ಎರಡು ವರ್ಷದ ಸರ್ಕಾರಿ ಮಾನ್ಯತೆಯ ತರಬೇತಿ ಕೇಳುತ್ತವೆ. ಎಂಟು ವರ್ಷ ದುಡಿದಿದ್ದೀರಿ ಎಂದು ಕಡಿಮೆ ಬಿದ್ದ ಆ ಒಂದು ವರ್ಷವನ್ನು ಅವರು ಮನ್ನಾ ಮಾಡುವುದಿಲ್ಲ.

ನಿಮಗೆ ಹೊಂದುವ ದಾರಿ ‘ಔಸ್‌ಬಿಲ್ಡುಂಗ್’. ಅಲ್ಲಿನ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು, ಬಿ1 ಮಟ್ಟದ ಜರ್ಮನ್ ಕಲಿತು ಹೋಗಿ ಕಸುಬನ್ನು ಮೊದಲಿನಿಂದ ಕಲಿಯುವುದು. ಒಂದಷ್ಟು ದಿನ ಶಾಲೆ, ಉಳಿದ ದಿನ ಸೈಟಿನಲ್ಲಿ ಕೆಲಸ. ಕಂಪನಿಯೇ ತಿಂಗಳ ಸ್ಟೈಪೆಂಡ್ ಕೊಡುತ್ತದೆ. ಇಷ್ಟು ವರ್ಷದ ಮೇಲೆ ಮತ್ತೆ ಹೆಲ್ಪರ್ ಆಗಬೇಕೇ ಎನಿಸಬಹುದು. ಆದರೆ ಆ ಕಸುಬಿನ ಅರ್ಧ ಭಾಗ ನಿಮಗಿನ್ನೂ ಹೊಸದು: ಬಾಯ್ಲರ್, ರೇಡಿಯೇಟರ್, ನೆಲದಡಿ ಹಾಸುವ ಬಿಸಿನೀರಿನ ಪೈಪು. ನಮಗೆ ಸ್ನಾನಕ್ಕೆ ನೀರು ಕಾದರೆ ಸಾಕು. ಅಲ್ಲಿ ದೊಡ್ಡ ಕಟ್ಟಡದ ಟ್ಯಾಂಕಿನಲ್ಲಿ ನೀರನ್ನು 60 ಡಿಗ್ರಿಯಲ್ಲಿ ಇಡಬೇಕು. ತಣ್ಣಗಾದರೆ ಲೀಜಿಯನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದು ಶ್ವಾಸಕೋಶಕ್ಕೆ ಕುತ್ತು ತರುತ್ತದೆ.

ಪ್ರಶ್ನೆ: ನನ್ನದು ಐಟಿಐನ ಎರಡು ವರ್ಷದ ಫ್ರಿಜ್–ಎ.ಸಿ. ಟ್ರೇಡ್. ವಯಸ್ಸು 29, ಸರ್ವಿಸ್ ಕೆಲಸದಲ್ಲಿ ಐದು ವರ್ಷ ಆಗಿದೆ. ನನಗೇನಾದರೂ ದಾರಿ ಇದೆಯೇ?
— ಓದುಗ, ಹುಬ್ಬಳ್ಳಿ

ಉತ್ತರ: ಜರ್ಮನಿಗೆ ಹೋಗಲು ನಿಮಗೆ ಎರಡು ದಾರಿಗಳಿವೆ. ಮೊದಲನೆಯದು 2024ರ ಜೂನ್ 1ರಂದು ಶುರುವಾದ ‘ಚಾನ್ಸೆನ್‌ಕಾರ್ಟೆ’, ಅಂದರೆ ಅಲ್ಲಿಗೆ ಹೋಗಿ ಕೆಲಸ ಹುಡುಕಲು ಒಂದು ವರ್ಷದ ಅವಕಾಶ. ಆರು ಅಂಕ ಬೇಕು. 35 ವರ್ಷದ ಒಳಗಿನವರಿಗೆ 2. ಕಳೆದ ಏಳು ವರ್ಷದಲ್ಲಿ ಐದು ವರ್ಷ ಅದೇ ಕಸುಬಿನ ಅನುಭವವಿದ್ದರೆ 3. ಜರ್ಮನ್ ಎ2 ಪಾಸಾದರೆ 1. ಅಲ್ಲಿಗೆ ನಿಮ್ಮ ಆರೂ ಸೇರಿತು. ಆದರೆ ಖರ್ಚಿಗೆ ಹಣ ತೋರಿಸಬೇಕು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೊ, ವರ್ಷಕ್ಕೆ 13,092. ಕೆಲಸ ಹುಡುಕುವಾಗ ವಾರಕ್ಕೆ 20 ಗಂಟೆಯಷ್ಟು ಮಾತ್ರ ದುಡಿಯಬಹುದು.

ಎರಡನೆಯದು ಇದಕ್ಕಿಂತ ಮೇಲು. 2024ರ ಮಾರ್ಚ್ 1ರಿಂದ ಬಂದ ‘ಮಾನ್ಯತಾ ಪಾಲುದಾರಿಕೆ’ಯಲ್ಲಿ ಇಲ್ಲಿಂದಲೇ ಮಾಲೀಕರನ್ನು ಹುಡುಕಿಕೊಂಡು, ಎ2 ಜರ್ಮನ್‌ನೊಂದಿಗೆ ಹೋಗಿ, ಕೆಲಸ ಮಾಡುತ್ತಲೇ ಸರ್ಟಿಫಿಕೇಟಿಗೆ ಮಾನ್ಯತೆ ಪಡೆಯಬಹುದು. ಹೊಲ ಅಡವಿಟ್ಟು ಬ್ಯಾಂಕಿನಲ್ಲಿ ದುಡ್ಡು ತೋರಿಸುವ ಸಂಕಟ ಇದರಲ್ಲಿಲ್ಲ.

ಜರ್ಮನಿಯಲ್ಲಿ ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕುವ ಕೆಲಸ ನಡೆಯುತ್ತಿದೆ. ಹೀಟ್ ಪಂಪ್ ಎಂದರೆ ನಿಮ್ಮ ಎ.ಸಿ.ಯೇ, ತಿರುಗಿಸಿ ಇಟ್ಟದ್ದು: ಹೊರಗಿನ ಗಾಳಿಯ ಶಾಖವನ್ನು ಎಳೆದು ಒಳಗೆ ಬಿಡುತ್ತದೆ. ಕಂಪ್ರೆಸರ್, ಗ್ಯಾಸ್ ಚಾರ್ಜಿಂಗ್ ನಿಮಗೆ ಗೊತ್ತೇ ಇದೆ. ಆದರೂ ಯುರೋಪಿನಲ್ಲಿ ರೆಫ್ರಿಜರೆಂಟ್ ಮುಟ್ಟಲು ಪ್ರತ್ಯೇಕ ಸರ್ಟಿಫಿಕೇಟ್ ಬೇಕು.

ಪ್ರಶ್ನೆ: ನನ್ನ ಮಗ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ಪ್ಲಂಬಿಂಗ್ ಚೆನ್ನಾಗಿ ಬಲ್ಲ. ಒಬ್ಬ ಏಜೆಂಟರು ಒಂದೂವರೆ ಲಕ್ಷ ಕೊಟ್ಟರೆ ವಿಸಿಟ್ ವೀಸಾದಲ್ಲಿ ದುಬೈಗೆ ಕಳಿಸಿ, ಅಲ್ಲಿ ಕೆಲಸಕ್ಕೆ ಬದಲಾಯಿಸುತ್ತೇನೆ ಅನ್ನುತ್ತಿದ್ದಾರೆ. ಕೊಡಬಹುದೇ?
— ಒಬ್ಬ ತಾಯಿ, ಕಲಬುರಗಿ

ಉತ್ತರ: ಕೊಡಬೇಡಿ ತಾಯಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ಆಗಿರುತ್ತದೆ. ಅಂಥವರು ಯುಎಇ, ಸೌದಿ, ಕತಾರ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ನಮ್ಮ ಸರ್ಕಾರದ ಅನುಮತಿ ಪಡೆಯಬೇಕು. ಇದು 1983ರ ವಲಸೆ ಕಾಯ್ದೆಯ ಮಾತು. ವಿಸಿಟ್ ವೀಸಾ ಈ ಕಾವಲನ್ನು ತಪ್ಪಿಸುವ ಕಳ್ಳದಾರಿ. ಸಂಬಳ ಕೊಡದಿದ್ದರೆ ತೋರಿಸಲು ಮಗನ ಕೈಯಲ್ಲಿ ಕಾಂಟ್ರ್ಯಾಕ್ಟ್ ಇರುವುದಿಲ್ಲ.

ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ‘ಇ–ಮೈಗ್ರೇಟ್’ ತಾಣದಲ್ಲಿ ನೋಡಿಸಿ. ನೋಂದಾಯಿತ ಏಜೆಂಟರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ, ರಸೀದಿಯನ್ನೂ ಕೊಡಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಿ. ಎರಡು ವರ್ಷಕ್ಕೆ 275 ರೂಪಾಯಿ ಪ್ರೀಮಿಯಂ, ಅಪಘಾತದಲ್ಲಿ ಜೀವ ಹೋದರೆ 10 ಲಕ್ಷ ರಕ್ಷಣೆ. ರಾಜ್ಯದ ಕೌಶಲ ಅಭಿವೃದ್ಧಿ ನಿಗಮದಡಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಮೊದಲು ಅಲ್ಲಿ ವಿಚಾರಿಸಿ.

ಪ್ರಶ್ನೆ: ಜರ್ಮನಿಯಲ್ಲಿ ನಾನೇ ಸ್ವಂತ ಪ್ಲಂಬಿಂಗ್ ಅಂಗಡಿ ಇಡಬಹುದೇ?
— ಓದುಗ, ತುಮಕೂರು

ಉತ್ತರ: ಸದ್ಯಕ್ಕಂತೂ ಆಗದು. ಅಲ್ಲಿ ಈ ಕಸುಬಿನಲ್ಲಿ ಸ್ವಂತ ಕಂಪನಿ ನಡೆಸಲು ಸಾಮಾನ್ಯವಾಗಿ ‘ಮೈಸ್ಟರ್’ ಅರ್ಹತೆ ಬೇಕು. ಬ್ರಿಟನ್ನಿನಲ್ಲೂ ‘ಗ್ಯಾಸ್ ಸೇಫ್’ ಪಟ್ಟಿಯಲ್ಲಿ ಇಲ್ಲದವರು ದುಡ್ಡಿಗಾಗಿ ಮನೆಯ ಗ್ಯಾಸ್ ಬಾಯ್ಲರ್ ಮುಟ್ಟುವುದು ಅಪರಾಧ.

ಪ್ರಶ್ನೆ: ಮೇಸ್ತ್ರಿ ಶನಿವಾರ ಕೈಗೆ ಬಟವಾಡೆ ಕೊಡುತ್ತಾರೆ. ಹತ್ತು ವರ್ಷ ದುಡಿದಿದ್ದಕ್ಕೆ ಒಂದು ಚೀಟಿಯೂ ಇಲ್ಲ. ಏನು ಮಾಡಲಿ?
— ಹೆಸರು ಬೇಡ, ಮಂಡ್ಯ

ಉತ್ತರ: ಈ ವಾರ ಬಂದ ಪತ್ರಗಳಲ್ಲಿ ಅತಿ ದೊಡ್ಡ ಪ್ರಶ್ನೆ ನಿಮ್ಮದು. ನೀವು ಹಾಕಿದ ಲೈನು ಗೋಡೆಯೊಳಗೆ ಮುಚ್ಚಿಹೋಗಿದೆ. ಹೊರದೇಶದ ಅಧಿಕಾರಿಗೆ ಕಾಣುವುದು ಕಾಗದ ಮಾತ್ರ. ಕೆಲಸ ಕೊಟ್ಟ ಗುತ್ತಿಗೆದಾರರ ಹತ್ತಿರ ಹೋಗಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಸೈಟು, ಏನು ಕೆಲಸ ಎಂದು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಪಿಎಫ್ ಇರುವ ಕಂಪನಿ ಸಿಕ್ಕರೆ ದಿನಕ್ಕೆ ಐವತ್ತು ಕಡಿಮೆಯಾದರೂ ಸೇರಿಕೊಳ್ಳಿ. ಅನುಭವ ನೋಡಿ ಕೊಡುವ ‘ಆರ್‌ಪಿಎಲ್’ ಸರ್ಟಿಫಿಕೇಟನ್ನೂ ಪಡೆಯಿರಿ. ಆದರೆ ಜರ್ಮನಿ ಕೇಳುವ ಎರಡು ವರ್ಷದ ತರಬೇತಿಗೆ ಅದು ಸಮವಲ್ಲ.

ಏಜೆಂಟರನ್ನು ಆಮೇಲೆ ಹುಡುಕಿದರಾಯಿತು. ಬರುವ ಶನಿವಾರ ಬಟವಾಡೆಯ ಜೊತೆಗೆ ಸಹಿ ಹಾಕಿದ ಒಂದು ಚೀಟಿಯನ್ನೂ ಕೇಳಿ.