ಮದ್‌ಯನ್‌ನ ಕರಾರು ಮತ್ತು ಕೂಲಿಕಾರನ ಹಕ್ಕು

ಅರಬರ ನಾಡಿನಲ್ಲಿ ದುಡಿಯುವ ಪರದೇಶಿ ಎಂದೊಡನೆ ನಮಗೆ ನೆನಪಾಗುವುದು ಸೌದಿ, ದುಬೈ, ಕುವೈತ್‌ಗಳಿಗೆ ಹೋದ ನಮ್ಮ ಸೋದರರು. ಆದರೆ ಅಂತಹ ಓರ್ವ ಪರದೇಶಿಯ ವೃತ್ತಾಂತ ಪವಿತ್ರ ಕುರ್‌ಆನ್‌ನಲ್ಲೇ ಇದೆ. ಅವರು ಪ್ರವಾದಿ ಮೂಸಾ(ಅ). ಅಲ್ ಕಸಸ್ ಅಧ್ಯಾಯದ 22ರಿಂದ 29ರವರೆಗಿನ ಸೂಕ್ತಗಳಲ್ಲಿ ಈ ಪ್ರಸಂಗ ಬಂದಿದೆ.

ಪ್ರಾಣಭಯದಿಂದ ಈಜಿಪ್ಟ್ ತೊರೆದ ಮೂಸಾ(ಅ) ಬರಿಗೈಯಲ್ಲಿ ಮದ್‌ಯನ್ ತಲುಪಿದರು. ಅಲ್ಲಿನ ಬಾವಿಯ ಬಳಿ ಇಬ್ಬರು ಯುವತಿಯರ ಜಾನುವಾರುಗಳಿಗೆ ನೀರು ಕುಡಿಸಿ, ಏನನ್ನೂ ಕೇಳದೆ ನೆರಳಿಗೆ ಹೋಗಿ ಕುಳಿತರು. ಆ ಯುವತಿಯರ ವೃದ್ಧ ತಂದೆ ಅವರನ್ನು ಕರೆಸಿಕೊಂಡರು. ಇವರು ಪ್ರವಾದಿ ಶುಐಬ್(ಅ) ಎಂದು ಅನೇಕ ವ್ಯಾಖ್ಯಾನಕಾರರು ಹೇಳಿದ್ದಾರೆ. ಕುರ್‌ಆನ್ ಹೆಸರನ್ನು ಹೇಳಿಲ್ಲ. ಮುಂದೆ ನಡೆದದ್ದರಲ್ಲಿ ಮಾಲಿಕರಾದವರಿಗೆ ನಾಲ್ಕು ಪಾಠಗಳಿವೆ.

ಒಂದು: ಕೇಳದಿದ್ದರೂ ಕೂಲಿ. ನೀರು ಕುಡಿಸಿದ್ದಕ್ಕೆ ಪ್ರತಿಫಲ ಕೊಡಲೆಂದೇ ವೃದ್ಧರು ಕರೆಸಿದ್ದು. ಪರದೇಶಿಯ ಬೆವರನ್ನು ಅವರು ಬಿಟ್ಟಿಯೆಂದು ಬಗೆಯಲಿಲ್ಲ.

ಎರಡು: ಅಭಯ. ಅವರು ಮೊದಲು ಮೂಸಾರ(ಅ) ಕಥೆಯನ್ನು ಕೇಳಿದರು, ಹೆದರಬೇಡವೆಂದರು. ಕೆಲಸದ ಮಾತು ಬಂದದ್ದು ಆ ಮೇಲೆ.

ಮೂರು: ಸ್ಪಷ್ಟ ಕರಾರು. ಮಗಳ ವಿವಾಹಕ್ಕೆ ಪ್ರತಿಯಾಗಿ ಎಂಟು ವರ್ಷಗಳ ದುಡಿಮೆ; ಹತ್ತು ಪೂರೈಸಿದರೆ ಅದು ಮೂಸಾರ(ಅ) ಇಷ್ಟ. ಕಷ್ಟಕ್ಕೆ ಗುರಿಮಾಡುವ ಉದ್ದೇಶ ತನಗಿಲ್ಲವೆಂದೂ ವೃದ್ಧರು ತಿಳಿಸಿದರು. ಕಡ್ಡಾಯವೆಷ್ಟು, ಐಚ್ಛಿಕವೆಷ್ಟು ಎಂಬುದು ಮೊದಲ ದಿನವೇ ಇತ್ಯರ್ಥವಾಯಿತು. ಇಬ್ಬರ ಮಾತಿಗೆ ಅಲ್ಲಾಹನೇ ಸಾಕ್ಷಿಯಾದನು.

ನಾಲ್ಕು: ಹೊರಡುವ ಸ್ವಾತಂತ್ರ್ಯ. ಅವಧಿ ಮುಗಿದಾಗ ಮೂಸಾ(ಅ) ತನ್ನ ಕುಟುಂಬದೊಂದಿಗೆ ಹೊರಟರು. ಅವರನ್ನು ಯಾರೂ ತಡೆದದ್ದಾಗಿ ಕುರ್‌ಆನ್ ಹೇಳುವುದಿಲ್ಲ.

ಕೂಲಿಯವನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಬೋಧಿಸಿದ್ದಾರೆ. ಅಂತಿಮ ದಿನ ಮೂವರ ವಿರುದ್ಧ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸ್‌ನಲ್ಲಿದೆ. ಕೂಲಿಯಾಳಿನಿಂದ ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನು ಆ ಮೂವರಲ್ಲಿ ಓರ್ವನು.

ಕಫೀಲ್ ಎಂಬ ಪದ

ಕಫಾಲತ್ ಎಂದರೆ ಹೊಣೆ ಹೊರುವುದು. ಬಾಲೆ ಮರ್ಯಮ್‌ರ ಪಾಲನೆಯನ್ನು ಝಕರಿಯ್ಯಾ(ಅ) ವಹಿಸಿಕೊಂಡದ್ದನ್ನು ಕುರ್‌ಆನ್ ಇದೇ ಧಾತುವಿನಿಂದ ಹೇಳುತ್ತದೆ. ಅನಾಥನ ಪೋಷಕನಿಗೂ ಹದೀಸ್‌ನಲ್ಲಿರುವ ಹೆಸರು ಇದೇ ಧಾತುವಿನ ಕಾಫಿಲ್ ಎಂಬುದು. ಇಷ್ಟು ಪವಿತ್ರವಾದ ಪದ ಕೊಲ್ಲಿ ರಾಷ್ಟ್ರಗಳಲ್ಲಿ ಕಾರ್ಮಿಕನನ್ನು ಓರ್ವ ಮಾಲಿಕನಿಗೆ ಕಟ್ಟಿಹಾಕುವ ಹಗ್ಗವಾಯಿತು. ವೀಸಾ ಮಾಲಿಕನ ಕೈಯಲ್ಲಿ. ಅವನು ಒಪ್ಪದೆ ಕೆಲಸ ಬದಲಿಸುವಂತಿಲ್ಲ. ಬಿಟ್ಟು ಹೋದರೆ ಓಡಿಹೋದನೆಂಬ ದೂರು. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಅಲ್ಲಿನ ಹಲವು ದೇಶಗಳ ಕಾನೂನಿಗೇ ವಿರುದ್ಧವಾದರೂ ಆ ಚಾಳಿ ಅಳಿದಿಲ್ಲ.

ಸುಧಾರಣೆಗಳೇನೋ ಆಗಿವೆ. ಯು.ಎ.ಇ. 2009ರಲ್ಲಿ ಸಂಬಳವನ್ನು ಬ್ಯಾಂಕ್ ಮೂಲಕವೇ ಕೊಡುವ ವ್ಯವಸ್ಥೆ ತಂದಿತು. ಕತರ್ 2020ರಲ್ಲಿ ಮಾಲಿಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಅವಕಾಶ ನೀಡಿತು. 2021ರ ಮಾರ್ಚ್‌ನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವನ್ನು ಜಾರಿಗೊಳಿಸಿತು. ಸೌದಿ ಅರೇಬಿಯಾ ಕೂಡ 2021ರ ಮಾರ್ಚ್‌ನಲ್ಲಿ ನಿಯಮಗಳನ್ನು ಸಡಿಲಿಸಿತು. ಆದರೆ ಮನೆಗೆಲಸದವರನ್ನು, ಮನೆಯ ಚಾಲಕರನ್ನು, ಕುರಿಗಾಹಿಗಳನ್ನು ಆ ಸುಧಾರಣೆಯಿಂದ ಹೊರಗಿಟ್ಟಿತು. ಮದ್‌ಯನ್‌ನಲ್ಲಿ ಮೂಸಾ(ಅ) ಮಾಡಿದ್ದು ಅದೇ ಕುರಿಗಾಹಿಯ ಕೆಲಸವೆಂಬುದನ್ನು ಮರೆಯಬಾರದು. 2024ರ ಜೂನ್ 12ರಂದು ಕುವೈತ್‌ನ ಮಂಗಫ್‌ನಲ್ಲಿ ಕಾರ್ಮಿಕರು ತಂಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಮಡಿದರು. ಕೂಲಿಯವನು ಮಲಗುವ ಜಾಗವೂ ಮಾಲಿಕನ ಹೊಣೆಯೇ.

ಹೊರಡುವ ಮುನ್ನ

ಅರಬ್ ಮಾಲಿಕನ ಮುಖ ನೋಡುವ ಮೊದಲೇ ನಮ್ಮವರು ಮೋಸ ಹೋಗುವುದುಂಟು. ಮೋಸ ಮಾಡುವವನು ನಮ್ಮದೇ ಭಾಷೆಯಾಡುವ, ಕೆಲವೊಮ್ಮೆ ನಮ್ಮದೇ ಸಫ್‌ನಲ್ಲಿ ನಿಲ್ಲುವ ಏಜೆಂಟ್. ಆದ್ದರಿಂದ ಮಗನನ್ನು ಕಳುಹಿಸುವ ತಂದೆತಾಯಿಗಳು ಕೆಲವು ವಿಷಯಗಳನ್ನು ತಿಳಿದಿರಬೇಕು. 1983ರ ವಲಸೆ ಕಾಯಿದೆಯಂತೆ ಏಜೆಂಟ್ ಸರಕಾರದಲ್ಲಿ ನೋಂದಾಯಿತನಾಗಿರಬೇಕು. ಅವನು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸಾಮಾನ್ಯವಾಗಿ ಸರಕಾರದ ವಲಸೆ ಅನುಮತಿ ಪಡೆಯಬೇಕು. ಅಂಥವರಿಗಾಗಿ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬೀಮಾ ಯೋಜನೆ ಇದೆ. ಸಂದರ್ಶನ ವೀಸಾದಲ್ಲಿ ದುಡಿಯಲು ಹೋಗುವುದು ಅಪಾಯಕ್ಕೆ ತಾನಾಗಿ ಕೈಯೊಡ್ಡಿದಂತೆ. ಕರಾರು ಪತ್ರವನ್ನು ಓದಿಸಿ ಕೇಳಿ, ಒಂದು ಪ್ರತಿ ಮನೆಯಲ್ಲಿರಲಿ.

ನಮ್ಮೂರಿನ ಪರದೇಶಿ

ಇಲ್ಲಿಯವರೆಗೆ ಓದಿ ಅರಬ್ ಮಾಲಿಕರನ್ನು ದೂರಿ ಸುಮ್ಮನಾದರೆ ಈ ಪಾಠ ಅರ್ಧ ಮಾತ್ರ ಕಲಿತಂತೆ. ಸಂಡೂರು, ತೋರಣಗಲ್ಲುಗಳಲ್ಲಿ ಬಿಹಾರ, ಒಡಿಶಾದಿಂದ ಬಂದು ದುಡಿಯುವವರನ್ನು ನಾವು ದಿನವೂ ಕಾಣುತ್ತೇವೆ. ಹೊಸಪೇಟೆ, ಕಂಪ್ಲಿಗಳ ಕಬ್ಬಿನ ಗದ್ದೆಗಳಿಗೆ ಪರಊರಿನ ಆಳುಗಳು ಮಕ್ಕಳುಮರಿಗಳೊಂದಿಗೆ ಬರುತ್ತಾರೆ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳಿದ್ದಾಳೆ, ಹೋಟೆಲಿನಲ್ಲಿ ಲೋಟ ಎತ್ತುವ ಹುಡುಗನಿದ್ದಾನೆ. ಇವರಿಗೆ ಕಫೀಲ್ ಯಾರು? ನಾವೇ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿ ಚಾಲಕರು, ಕ್ಲೀನರ್‌ಗಳು, ಗಣಿಯ ದಿನಗೂಲಿಗಳು ಕೆಲಸ ಕಳೆದುಕೊಂಡರು. ಅಕ್ರಮ ಮಾಡಿದವರು ಬೇರೆ, ಹಸಿದವರು ಬೇರೆ. ಆಸರೆಯಿಲ್ಲದ ಕೂಲಿಯ ಕಹಿ ನಮ್ಮ ಸೀಮೆಗೆ ಹೊಸತಲ್ಲ.

ಹೊರಗಿನವನಿಗೆ ಸ್ಥಾನ ಕೊಟ್ಟ ಹಿರಿಮೆಯೂ ಈ ಮಣ್ಣಿಗಿದೆ. ಅರಬ್ ಕುದುರೆಗಳೂ ಅವುಗಳ ವ್ಯಾಪಾರಿಗಳೂ ವಿಜಯನಗರಕ್ಕೆ ಬರುತ್ತಿದ್ದರು. ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ನಿಂತಿದೆ. ಅನ್ಯಧರ್ಮೀಯ ಅರಸನು ತನ್ನ ಸೇವಕನ ಆರಾಧನೆಗೆ ಎಡೆ ಕೊಟ್ಟಿರುವಾಗ, ನಮ್ಮ ಬಳಿ ದುಡಿಯುವವನ ಧರ್ಮ ಯಾವುದೇ ಇರಲಿ, ಅವನ ಹಬ್ಬಕ್ಕೆ ರಜೆ ಕೊಡಲು ನಾವೇಕೆ ಮುಖ ಗಂಟು ಹಾಕಬೇಕು?

ಮುಂಗಡ ಕೊಟ್ಟಿದ್ದೇನೆಂದು ಆಳನ್ನು ಬಲವಂತವಾಗಿ ದುಡಿಸುವುದು 1976ರ ಜೀತ ನಿರ್ಮೂಲನಾ ಕಾಯಿದೆಯಂತೆ ಅಪರಾಧ. ಅಲ್ಲಾಹನ ಬಳಿ ಅದು ಅದಕ್ಕಿಂತ ದೊಡ್ಡ ಲೆಕ್ಕ. ಸೇವಕರು ನಿಮ್ಮ ಸೋದರರು, ತಿನ್ನುವುದನ್ನೇ ತಿನ್ನಿಸಿ, ಉಡುವುದನ್ನೇ ಉಡಿಸಿ, ಶಕ್ತಿ ಮೀರಿದ ಕೆಲಸ ಹೊರಿಸಿದರೆ ನೀವೂ ಕೈಜೋಡಿಸಿ ಎಂಬುದು ಪ್ರವಾದಿವರ್ಯರ(ಸ) ಉಪದೇಶದ ಸಾರ.

ಮಗ ರಿಯಾದ್‌ನಲ್ಲಿ ಸಂಬಳ ಬಾರದೆ ಪರದಾಡುವಾಗ ತಾಯಿ ಕೈಯೆತ್ತಿ ದುಆ ಮಾಡುತ್ತಾಳೆ. ಅದೇ ಮನೆಯ ಕೆಲಸದಾಕೆಯ ಎರಡು ತಿಂಗಳ ಸಂಬಳ ಬಾಕಿಯಿದ್ದರೆ ಆಕೆಯೂ ಕೈಯೆತ್ತುವಳು. ಮರ್ದಿತನ ಮೊರೆಗೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಬಾಕಿಯನ್ನು ಇಂದೇ ತೀರಿಸೋಣ. ದೂರದಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಮದ್‌ಯನ್‌ನ ಆ ಹಿರಿಯರಂತಹ ಮಾಲಿಕರು ಸಿಗಲಿ, ನಮ್ಮ ಬಳಿ ದುಡಿಯುವವರಿಗೆ ನಾವೂ ಅಂತಹವರಾಗುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.